ಮೆಟಲ್ ಡಿಟೆಕ್ಟರ್: ಕಳೆದ ಉಂಗುರಕ್ಕೆ ಇರಲಿ, ನಿಧಿಗೆ ಬೇಡ

ರಾಗಿ ಕೊಯ್ಲು ಮುಗಿದ ಮೇಲೆ ಕೊರವಂಗಲದ ಸುತ್ತಿನ ಹೊಲಗಳಲ್ಲಿ ಉಳಿಯುವುದು ಕೂಳೆ ಮಾತ್ರ. ಹಿಂಗಾರಿನ ತೇವ ಇನ್ನೂ ಪೂರ್ತಿ ಆರಿರುವುದಿಲ್ಲ. ಮಣ್ಣಿನಲ್ಲಿ ಬಿದ್ದುಹೋದ ಲೋಹದ ವಸ್ತು ಹುಡುಕಲು ಇದೇ ಸರಿಯಾದ ಕಾಲ. ಸಂಕ್ರಾಂತಿ ದಾಟಿದರೆ ಕೆಂಪು ಮಣ್ಣು ಗಟ್ಟಿಯಾಗುತ್ತದೆ, ಮಳೆಗಾಲದಲ್ಲಿ ಬೆಳೆ ಅಡ್ಡ ಬರುತ್ತದೆ. ಮೆಟಲ್ ಡಿಟೆಕ್ಟರ್ ಈಗ ಆನ್‌ಲೈನ್‌ನಲ್ಲೇ ಸಿಗುವುದರಿಂದ ಕೊಳ್ಳುವ ಆಸೆಯೂ ಸಹಜ. ಆದರೆ ಯಾವುದಕ್ಕಾಗಿ ಕೊಳ್ಳುತ್ತೀರಿ ಎಂಬುದು ಮುಖ್ಯ. ಕಳೆದದ್ದನ್ನು ಹುಡುಕಲು ಇದು ಚೆನ್ನಾಗಿ ಒದಗುತ್ತದೆ. ಹೂತಿಟ್ಟದ್ದನ್ನು ಹುಡುಕಲು ಹೊರಟವರು ಕಾನೂನಿನ ಕೈಗೂ ಸಿಕ್ಕಿಬೀಳುತ್ತಾರೆ, ಸಿಕ್ಕಿದ ವಸ್ತುವಿನ ಬೆಲೆಯನ್ನೂ ತಾವೇ ಕೆಡಿಸುತ್ತಾರೆ.

ಮೊದಲು ಕಳೆದದ್ದರ ವಿಚಾರ. ಕೊಯ್ಲಿನಲ್ಲಿ ಉಂಗುರವೋ ತಾಳಿಸರವೋ ಜಾರಿಬಿದ್ದಿದ್ದರೆ, ಅಂದು ಯಾವ ಸಾಲಿನಿಂದ ಯಾವ ಬದುವಿನವರೆಗೆ ಕೆಲಸ ನಡೆಯಿತೆಂದು ಜೊತೆಗಿದ್ದವರನ್ನು ಕೇಳಿ, ಅಷ್ಟು ಜಾಗಕ್ಕೆ ಗೂಟ ಹೊಡೆದು ಹಗ್ಗ ಕಟ್ಟಿ. ಅಂಥದೇ ಇನ್ನೊಂದು ಉಂಗುರವನ್ನು ಅದೇ ಹೊಲದಲ್ಲಿ ನಾಲ್ಕು ಬೆರಳು ಆಳದಲ್ಲಿ ಹೂತು, ಯಂತ್ರ ಹೇಗೆ ಕೂಗುತ್ತದೆಂದು ಕೇಳಿಸಿಕೊಳ್ಳಿ. ನಮ್ಮ ಕೆಂಪು ಮಣ್ಣಿನಲ್ಲೇ ಕಬ್ಬಿಣದ ಅಂಶವಿರುವುದರಿಂದ, ಲೋಹವಿಲ್ಲದ ಕಡೆಯೂ ಯಂತ್ರ ಗಲಾಟೆ ಮಾಡಬಹುದು. ಆ ಮಣ್ಣಿಗೆ ಯಂತ್ರವನ್ನು ಹೊಂದಿಸಿಕೊಂಡೇ ಹುಡುಕಾಟ ಶುರುಮಾಡಬೇಕು. ತಟ್ಟೆಯನ್ನು ನೆಲಕ್ಕೆ ಸಮವಾಗಿ, ಕೂಳೆ ಸವರುವಷ್ಟು ತಗ್ಗಿಸಿ, ಒಂದು ಬೀಸು ಹಿಂದಿನದರ ಅರ್ಧವನ್ನು ಮುಚ್ಚುವಂತೆ ನಿಧಾನವಾಗಿ ಆಡಿಸಿ. ಪೂರ್ವ-ಪಶ್ಚಿಮವಾಗಿ ಮುಗಿದ ಮೇಲೆ ಉತ್ತರ-ದಕ್ಷಿಣವಾಗಿ ಇನ್ನೊಮ್ಮೆ. ಇಲ್ಲಿ ಅನೇಕರು ಎಡವುವ ಜಾಗವೊಂದಿದೆ. ಗುಟ್ಕಾ ಪೊಟ್ಟಣದ ಹಾಳೆಗೆ ಕೂಗಬಾರದೆಂದು ಯಂತ್ರದ ಬಾಯಿ ಮುಚ್ಚಿಸಿದರೆ, ತೆಳುವಾದ ಚಿನ್ನದ ಉಂಗುರಕ್ಕೂ ಅದು ಕೂಗದೆ ಹೋಗಬಹುದು, ಏಕೆಂದರೆ ಎರಡರ ಸಂಕೇತವೂ ಹೆಚ್ಚುಕಡಿಮೆ ಒಂದೇ. ಚಿನ್ನ ಬೇಕಿದ್ದರೆ ಕಸವನ್ನೂ ಹೆಕ್ಕಬೇಕು. ಸಣ್ಣ ಕೊಂಡಿಗಳ ಸರ ಇನ್ನೂ ಕಷ್ಟ. ಯಂತ್ರಕ್ಕೆ ಇಡೀ ಸರಕ್ಕಿಂತ ತಾಳಿಯ ಬೊಟ್ಟೇ ಮೊದಲು ಕೇಳಿಸುತ್ತದೆ. ಸಾಮಾನ್ಯ ಯಂತ್ರಕ್ಕೆ ಒಂಟಿ ನಾಣ್ಯ ಸಿಗುವುದು ಸುಮಾರು ಗೇಣು ಆಳದವರೆಗೆ. ಹತ್ತಡಿ ಕೆಳಗಿನ ಒಂದು ನಾಣ್ಯವನ್ನೂ ತೋರಿಸುತ್ತದೆಂಬ ಜಾಹೀರಾತನ್ನು ನಂಬಬೇಡಿ.

ಹಳೆಯ ದೇವಸ್ಥಾನವಿದ್ದಲ್ಲಿ ನಿಧಿ ಇದ್ದೇ ಇರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಕೊರವಂಗಲದ ಬೂಚೇಶ್ವರ ಗುಡಿಯನ್ನೇ ನೋಡಿ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದ 1173ರಲ್ಲಿ ಅವನ ಅಧಿಕಾರಿ ಬೂಚಿರಾಜ ಕಟ್ಟಿಸಿದ್ದು. ಹೊಯ್ಸಳರ ಕಾಲದ ಶಾಸನಗಳಲ್ಲಿ ಗುಡಿಗಳಿಗೆ ಬಿಟ್ಟದ್ದೆಂದು ಮತ್ತೆ ಮತ್ತೆ ಕಾಣುವುದು ಗದ್ದೆ, ಬೆದ್ದಲು, ತೋಟ, ಊರಿನ ತೆರಿಗೆ. ಆಗಿನ ಸಂಪತ್ತು ಭೂಮಿಯ ಆದಾಯವಾಗಿ ಹರಿಯುತ್ತಿತ್ತೇ ಹೊರತು ಲಿಂಗದ ಕೆಳಗಿನ ಕೊಪ್ಪರಿಗೆಯಲ್ಲಿ ಕೂತಿರಲಿಲ್ಲ. ಆದರೂ ಅಗೆಯುವವರು ಅಗೆಯುತ್ತಾರೆ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ಯತಿ ವ್ಯಾಸರಾಜರ ವೃಂದಾವನವನ್ನೇ ನಿಧಿಗಳ್ಳರು ಒಡೆದರು. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಅದರ ಸುತ್ತಿನ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಆ ಗಡಿಯೊಳಗೆ ಯಂತ್ರ ಹಿಡಿದು ತಿರುಗದಿರುವುದೇ ಲೇಸು.

‘ಹೊಲ ನನ್ನದು, ಸಿಕ್ಕಿದ್ದೂ ನನ್ನದು’ ಎಂಬ ವಾದ ಕೇಳಲು ನ್ಯಾಯವಾಗಿದೆ, ಆದರೆ ನಿಲ್ಲುವುದಿಲ್ಲ. ದಾನಶಾಸನಗಳಲ್ಲಿ ಅಷ್ಟಭೋಗಗಳನ್ನು ಎಣಿಸುವಾಗ ನಿಧಿ ನಿಕ್ಷೇಪಗಳನ್ನು ಮೊದಲಿಗೇ ಹೆಸರಿಸಿ ಕೊಡುತ್ತಿದ್ದರು. ಭೂಮಿಯ ಜೊತೆ ನಿಧಿಯೂ ತಾನಾಗಿ ಬರುವಂತಿದ್ದರೆ ಬೇರೆಯಾಗಿ ಬರೆಯುವ ಅಗತ್ಯವೇನಿತ್ತು? ಬ್ರಿಟಿಷರ 1878ರ ಕಾಯ್ದೆ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೂ ಕಲೆಕ್ಟರಿಗೆ ತಿಳಿಸಬೇಕೆಂದಿತು. ನಮ್ಮ ರಾಜ್ಯಕ್ಕೆ 1962ರ ನಿಧಿ ಕಾಯ್ದೆ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ಪರವಾನಗಿಯಿಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ವಿದೇಶಕ್ಕೆ ಸಾಗಿಸುವಂತೆಯೂ ಇಲ್ಲ.

ಇಂಗ್ಲೆಂಡಿನಲ್ಲಿ ಜನ ಹವ್ಯಾಸಕ್ಕೆಂದೇ ಹುಡುಕುತ್ತಾರಲ್ಲ ಎನ್ನುವವರಿಗೆ ಅಲ್ಲಿನ ಹಾಕ್ಸ್ನ್ ಊರಿನ ಪ್ರಕರಣವೇ ಉತ್ತರ. 1992ರ ನವೆಂಬರಿನಲ್ಲಿ ಹೊಲದಲ್ಲಿ ಕಳೆದ ಸುತ್ತಿಗೆಯೊಂದನ್ನು ಹುಡುಕುತ್ತಿದ್ದಾಗ ರೋಮನ್ ನಾಣ್ಯಗಳು ಕಂಡವು. ಹುಡುಕುತ್ತಿದ್ದಾತ ಪೂರ್ತಿ ಅಗೆಯದೆ ನಿಲ್ಲಿಸಿ ತಿಳಿಸಿದ. ಹಾಗಾಗಿ ಪುರಾತತ್ವಜ್ಞರು, ಮರದ ಪೆಟ್ಟಿಗೆ ಮಣ್ಣಾಗಿ ಹೋಗಿದ್ದರೂ, ಅದರೊಳಗೆ ಯಾವುದು ಎಲ್ಲಿತ್ತೆಂದು ಗುರುತಿಸಬಲ್ಲವರಾದರು. ಪರಿಹಾರವಾಗಿ ಬಂದ 17.5 ಲಕ್ಷ ಪೌಂಡನ್ನು ಹುಡುಕಿದವನೂ ಆ ಹೊಲದ ರೈತನೂ ಹಂಚಿಕೊಂಡರು. ನಮ್ಮಲ್ಲೂ ಅಷ್ಟೇ: ಹೊಯ್ಸಳ ದೊರೆ ವಿಷ್ಣುವರ್ಧನನ ‘ಶ್ರೀ ತಳಕಾಡುಗೊಂಡ’ ನಾಣ್ಯ ರಾಜನ ಬಿರುದನ್ನು ತಾನೇ ಹೇಳುತ್ತದೆ. ಆದರೆ ಅದು ಮಡಕೆಯಲ್ಲಿತ್ತೇ, ಮನೆಯ ಪಾಯದಲ್ಲಿತ್ತೇ, ದಾರಿಯಲ್ಲಿ ಬಿದ್ದದ್ದೇ ಎಂಬುದನ್ನು ಹೇಳುವುದು ಸುತ್ತಲಿನ ಮಣ್ಣು. ಗುದ್ದಲಿ ಕೆದಕಿದ ಮಣ್ಣು ಮತ್ತೆ ಏನನ್ನೂ ಹೇಳದು.

ಉಳುವಾಗಲೋ ಉಂಗುರ ಹುಡುಕುವಾಗಲೋ ಹಳೆಯ ನಾಣ್ಯ ಎದ್ದರೆ ಕೆಲಸ ನಿಲ್ಲಿಸಿ. ಅದಿರುವ ಜಾಗದ ಫೋಟೊ ತೆಗೆದು, ಆಳವನ್ನೂ ಹತ್ತಿರದ ಬದುವಿನಿಂದ ಇರುವ ದೂರವನ್ನೂ ಬರೆದಿಟ್ಟುಕೊಳ್ಳಿ. ಹುಣಸೆಹಣ್ಣು, ಬೂದಿ, ಪಾಲಿಶ್ ಹಾಕಿ ಉಜ್ಜಬೇಡಿ, ಅಕ್ಷರವೇ ಸವೆದುಹೋಗುತ್ತದೆ. ಗ್ರಾಮ ಆಡಳಿತಾಧಿಕಾರಿಗೆ ಹೇಳಿ, ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಿ. ಕೊಟ್ಟ ಮೇಲೆ ಕಚೇರಿ ಅಲೆದಾಟ ತಪ್ಪದು ಎಂಬ ಆತಂಕ ಸುಳ್ಳೇನಲ್ಲ. ಅದಕ್ಕೇ ಪಂಚರ ಎದುರು ಎಣಿಸಿ, ತೂಕ ಹಾಕಿಸಿ, ಮಹಜರಿನ ಪ್ರತಿ ಪಡೆದು, ಅರ್ಜಿಯ ಎರಡನೇ ಪ್ರತಿಗೆ ಸ್ವೀಕೃತಿಯ ಮೊಹರು ಬಿದ್ದ ಮೇಲಷ್ಟೇ ನಾಣ್ಯವನ್ನು ಕೈಬಿಡಿ.