ಗಡ್ಡೆ ತೆಗೆದ ಮೇಲೂ ಕೀಮೋ ಏಕೆ?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿದೆ. ಗಡ್ಡೆ ಪೂರ್ತಿ ತೆಗೆದಿದ್ದೇವೆ, ಆದರೂ ಮೂರನೇ ಹಂತವಾದ್ದರಿಂದ ಮಾರ್ಗಸೂಚಿಯ ಪ್ರಕಾರ ಕೀಮೋ ಕೊಡಬೇಕು ಎನ್ನುತ್ತಾರೆ ಡಾಕ್ಟರು. ಎಲ್ಲ ರೋಗಿಗಳಿಗೂ ಒಂದೇ ಪುಸ್ತಕ ನೋಡಿ ಚಿಕಿತ್ಸೆ ಕೊಡುವುದು ಸರಿಯೇ? ಅದರಿಂದ ಆಯುಸ್ಸು ನಿಜವಾಗಿ ಹೆಚ್ಚುತ್ತದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹೆಚ್ಚುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್‌ನ ಮೂರನೇ ಹಂತದಲ್ಲಂತೂ ಇದಕ್ಕೆ ಗಟ್ಟಿ ಪುರಾವೆ ಇದೆ.

ಮೂರನೇ ಹಂತ ಎಂದರೆ ಕರುಳಿನ ಪಕ್ಕದ ದುಗ್ಧಗ್ರಂಥಿಗಳಿಗೆ ಕ್ಯಾನ್ಸರ್ ತಲುಪಿದೆ ಎಂದರ್ಥ. ಕಣ್ಣಿಗೆ ಕಾಣುವ ಗಡ್ಡೆಯನ್ನು ಸರ್ಜನ್ ತೆಗೆದಿರುತ್ತಾರೆ. ಆದರೆ ಯಾವ ಸ್ಕ್ಯಾನಿಗೂ ಸಿಗದ ಕೆಲವು ಕಣಗಳು ದೇಹದಲ್ಲಿ ಉಳಿದಿರಬಹುದು. ಕೀಮೋ ಇರುವುದು ಅವುಗಳಿಗಾಗಿ. 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ಹಂತದ ರೋಗಿಗಳಿಗೆ ಆಪರೇಷನ್ ನಂತರ ಔಷಧಿ ಕೊಟ್ಟಾಗ ಸಾವಿನ ಅಪಾಯ ಸುಮಾರು ಮೂರನೇ ಒಂದು ಪಾಲು ತಗ್ಗಿತು. ಅದೇ ವರ್ಷ ಅಲ್ಲಿನ ತಜ್ಞರ ಸಭೆ ಇದನ್ನು ಶಿಫಾರಸು ಮಾಡಿತು. ಈಗ ಕೊಡುವ ಔಷಧಿಗಳು ಅಂದಿನವಕ್ಕಿಂತ ಉತ್ತಮ.

ಆ ಹಂತವನ್ನು ನಿರ್ಧರಿಸುವುದು ಹೇಗೆಂದು ನೋಡಿದರೆ ಮಾರ್ಗಸೂಚಿಯ ಬೆಲೆ ತಿಳಿಯುತ್ತದೆ. ತೆಗೆದ ಕರುಳಿನ ತುಂಡು ಪೆಥಾಲಜಿ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಅದಕ್ಕೆ ಅಂಟಿದ ಕೊಬ್ಬನ್ನು ತೆಳುವಾಗಿ ಸೀಳಿ, ಬೆರಳಲ್ಲಿ ಒತ್ತಿ ನೋಡಿ, ಹೆಸರುಕಾಳಿಗಿಂತ ಚಿಕ್ಕದಾದ ಗ್ರಂಥಿಗಳನ್ನೂ ಹುಡುಕಿ ತೆಗೆಯುತ್ತಾರೆ. ಕನಿಷ್ಠ 12 ಗ್ರಂಥಿಗಳನ್ನಾದರೂ ಪರೀಕ್ಷಿಸಬೇಕು ಎನ್ನುತ್ತದೆ ಮಾರ್ಗಸೂಚಿ. ಐದಾರನ್ನೇ ನೋಡಿ ಕೈಬಿಟ್ಟರೆ, ಕ್ಯಾನ್ಸರ್ ಇರುವ ಗ್ರಂಥಿ ಕಣ್ತಪ್ಪಿ ಮೂರನೇ ಹಂತದ ರೋಗಿ ಎರಡನೇ ಹಂತದ ಪಟ್ಟಿಗೆ ಸೇರಬಹುದು. ಬೇಕಿದ್ದ ಕೀಮೋ ಅವರಿಗೆ ಸಿಗದೇ ಹೋಗಬಹುದು.

ಗುದನಾಳದ ಕ್ಯಾನ್ಸರ್‌ನಲ್ಲೂ ಇದೇ ಪಾಠ. ಅದನ್ನು ಸುತ್ತಲಿನ ಕೊಬ್ಬಿನ ಪದರದ ಸಮೇತ, ಪದರ ಹರಿಯದಂತೆ ತೆಗೆಯುವ ಕ್ರಮವನ್ನು ಬ್ರಿಟನ್ನಿನ ಸರ್ಜನ್ ಬಿಲ್ ಹೀಲ್ಡ್ 1980ರ ದಶಕದಲ್ಲಿ ರೂಢಿಗೆ ತಂದರು. 1997ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, ಆಪರೇಷನ್ನಿಗೆ ಮೊದಲು ಒಂದು ವಾರ ರೇಡಿಯೇಷನ್ ಕೊಟ್ಟವರಲ್ಲಿ ಅದೇ ಜಾಗದಲ್ಲಿ ಕ್ಯಾನ್ಸರ್ ಮರುಕಳಿಸುವುದು ಶೇ. 27ರಿಂದ 11ಕ್ಕೆ ಇಳಿಯಿತು. ಐದು ವರ್ಷ ಬದುಕಿದವರ ಪ್ರಮಾಣ ಶೇ. 48ರಿಂದ 58ಕ್ಕೆ ಏರಿತು.

ಒಂದು ಎಚ್ಚರಿಕೆಯ ಮಾತೂ ಇದೆ. ಆಸ್ಪತ್ರೆ ದಾಖಲೆಗಳನ್ನಷ್ಟೇ ಹೋಲಿಸಿದರೆ ಮಾರ್ಗಸೂಚಿಯ ಲಾಭ ಇರುವುದಕ್ಕಿಂತ ದೊಡ್ಡದಾಗಿ ಕಾಣಬಹುದು. ಪೂರ್ಣ ಚಿಕಿತ್ಸೆ ಪಡೆಯುವವರು ಮೊದಲೇ ಸ್ವಲ್ಪ ಗಟ್ಟಿಮುಟ್ಟಾಗಿರುತ್ತಾರೆ. ತೀರಾ ನಿಶ್ಶಕ್ತರಿಗೆ ಕೀಮೋ ಕೊಡುವುದೇ ಇಲ್ಲ. ಅದಕ್ಕೇ ಮೇಲೆ ಹೇಳಿದಂಥ, ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನಗಳಿಗೆ ಹೆಚ್ಚು ತೂಕ.

ಎಲ್ಲರಿಗೂ ಒಂದೇ ಚಿಕಿತ್ಸೆ ಎಂಬ ನಿಮ್ಮ ಅಂಜಿಕೆ ಬೇಡ. ಒಂದನೇ ಹಂತದವರಿಗೆ ಕೀಮೋ ಬೇಡ ಎಂದು ಹೇಳುವುದೂ ಮಾರ್ಗಸೂಚಿಯೇ. ಎರಡನೇ ಹಂತದಲ್ಲಿ ಅಪಾಯದ ಲಕ್ಷಣಗಳನ್ನು ನೋಡಿ ತೀರ್ಮಾನಿಸುತ್ತಾರೆ. ಮೂರನೇ ಹಂತದಲ್ಲೂ ಅಪಾಯ ಕಡಿಮೆ ಇರುವ ಹಲವರಿಗೆ, ಸೂಕ್ತ ಔಷಧಿ ಆಯ್ದುಕೊಂಡರೆ, ಆರು ತಿಂಗಳ ಬದಲು ಮೂರು ತಿಂಗಳ ಕೀಮೋ ಸಾಕೆಂದು 2018ರ ದೊಡ್ಡ ಅಧ್ಯಯನವೊಂದು ತೋರಿಸಿತು. ಇದರಿಂದ ಕೈಕಾಲು ಜೋಮು ಹಿಡಿಯುವ ಕಾಟ ಬಹಳ ಕಡಿಮೆಯಾಗುತ್ತದೆ. ವಯಸ್ಸು, ಕಿಡ್ನಿ, ಹೃದಯದ ಸ್ಥಿತಿ ನೋಡಿ ಡಾಕ್ಟರು ಮಾರ್ಗಸೂಚಿಯಿಂದ ಆಚೀಚೆ ಹೋಗಬೇಕಾಗಲೂಬಹುದು. ಹಾಗೆ ಹೋದಾಗ ಕಾರಣ ಹೇಳಿ, ಬರೆದಿಡಬೇಕು. ನಾವು ಕೇಳಬೇಕಾದದ್ದು ಅಷ್ಟೇ.

ನಮ್ಮಲ್ಲೂ ಇಂಥ ಮಾರ್ಗಸೂಚಿಗಳಿವೆ. ಐಸಿಎಂಆರ್ ಪ್ರಕಟಿಸಿದ್ದು ಒಂದು. ಮುಂಬೈನ ಟಾಟಾ ಸ್ಮಾರಕ ಕೇಂದ್ರದ ಮುಂದಾಳತ್ವದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ರೂಪಿಸಿದ್ದು ಇನ್ನೊಂದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಈ ಗ್ರಿಡ್‌ನಲ್ಲಿದೆ.

ಈಗ ನೀವು ಮಾಡಬೇಕಾದದ್ದು ಇಷ್ಟು. ಪೆಥಾಲಜಿ ರಿಪೋರ್ಟ್ ತೆಗೆದು, ಎಷ್ಟು ಗ್ರಂಥಿ ನೋಡಿದ್ದಾರೆ, ಎಷ್ಟರಲ್ಲಿ ಕ್ಯಾನ್ಸರ್ ಇತ್ತು ಎಂದು ಡಾಕ್ಟರನ್ನು ಕೇಳಿ. ಯಾವ ಔಷಧಿ, ಎಷ್ಟು ತಿಂಗಳು, ಏಕೆ ಎಂದು ಕೇಳಿ. ಚಿಕಿತ್ಸೆ ಮುಗಿದ ಮೇಲೆ ಸಿಇಎ ರಕ್ತಪರೀಕ್ಷೆ, ಸ್ಕ್ಯಾನ್, ಆಪರೇಷನ್ ಆಗಿ ಒಂದು ವರ್ಷಕ್ಕೆ ಮಾಡಿಸುವ ಕೊಲೊನೋಸ್ಕೋಪಿ ಯಾವ ದಿನಾಂಕಕ್ಕೆ ಎಂದು ಬರೆಸಿಕೊಳ್ಳಿ. ಕೀಮೋಗೆ ಹಬ್ಬ, ಮದುವೆ, ಬಿತ್ತನೆ ಮುಗಿಯಲಿ ಎಂದು ಮಾತ್ರ ಕಾಯಬೇಡಿ. ಸುಮಾರು 15,000 ರೋಗಿಗಳ ಮಾಹಿತಿ ಒಟ್ಟುಗೂಡಿಸಿದ 2011ರ ವಿಶ್ಲೇಷಣೆಯಲ್ಲಿ, ಕೀಮೋ ಆರಂಭ ನಾಲ್ಕು ವಾರ ತಡವಾದಷ್ಟೂ ಸಾವಿನ ಅಪಾಯ ಸುಮಾರು ಶೇ. 14ರಷ್ಟು ಹೆಚ್ಚಿತ್ತು. ಗಾಯ ಮಾಯ್ದು, ತಂದೆಯವರು ಸ್ವಲ್ಪ ಚೇತರಿಸಿಕೊಂಡ ಕೂಡಲೇ, ಆಪರೇಷನ್ ಆದ ಎಂಟು ವಾರದೊಳಗೆ ಕೀಮೋ ಶುರುಮಾಡಿಸಿ.