ತೋಟದ ಹಕ್ಕು, ಪೇಟೆಯ ಪೈಪೋಟಿ ಮತ್ತು ನಮ್ಮ ಸಂಘ

ತೋಟ ತನ್ನದಾದರೆ ದುಡಿಮೆಗೆ ಹುರುಪು ಬರುತ್ತದೆ. ಪೇಟೆಯಲ್ಲಿ ಪೈಪೋಟಿ ಇದ್ದರೆ ಮಾಲಿಗೆ ಬೆಲೆ ಬರುತ್ತದೆ. ಈ ಎರಡೂ ಬೆಳೆಗಾರರು ಬಲ್ಲ ಮಾತುಗಳೇ. ಆದರೆ ಇಷ್ಟಿದ್ದರೆ ಸಾಕೇ? ರೋಬಸ್ಟಾ ಕಾಫಿಯಲ್ಲಿ ನಮ್ಮೊಡನೆ ಸ್ಪರ್ಧಿಸುತ್ತಿರುವ ವಿಯೆಟ್ನಾಮಿನ ಉದಾಹರಣೆಯಿಂದ ಇದನ್ನು ಪರಿಶೀಲಿಸೋಣ.

ಹಕ್ಕು ಬಂದಾಗ

ಆ ದೇಶದಲ್ಲಿ ಮೊದಲು ಸಾಮೂಹಿಕ ಬೇಸಾಯ ಮತ್ತು ಸರ್ಕಾರಿ ತೋಟಗಳ ಪದ್ಧತಿಯಿತ್ತು. ಹೆಚ್ಚು ದುಡಿದವನಿಗೂ ಕಡಿಮೆ ದುಡಿದವನಿಗೂ ಹೆಚ್ಚಿನ ಅಂತರವಿರಲಿಲ್ಲ. 1986ರ ಡಿಸೆಂಬರಿನಲ್ಲಿ ‘ದೋಯ್ ಮೋಯ್’ ಎಂಬ ಆರ್ಥಿಕ ಸುಧಾರಣೆ ಆರಂಭವಾಯಿತು. 1988ರಿಂದ ಸಾಗುವಳಿ ಕುಟುಂಬಗಳ ಕೈಗೆ ಬಂತು. 1993ರ ಭೂ ಕಾನೂನು ಭೂಮಿಯ ಒಡೆತನವನ್ನು ಖಾಸಗಿಗೆ ಬಿಡಲಿಲ್ಲ. ಆದರೆ ಬಳಕೆಯ ಹಕ್ಕನ್ನು ವರ್ಗಾಯಿಸಲು, ಅಡವಿಡಲು, ಮಕ್ಕಳಿಗೆ ಬಿಟ್ಟುಹೋಗಲು ಅವಕಾಶ ಕೊಟ್ಟಿತು. ದಾಕ್ ಲಾಕ್ ಮೊದಲಾದ ಮಲೆನಾಡು ಪ್ರಾಂತ್ಯಗಳ ರೈತರು ರೋಬಸ್ಟಾ ನೆಟ್ಟರು. ನೀರು, ಗೊಬ್ಬರ ಧಾರಾಳವಾಗಿ ಕೊಟ್ಟರು. 1990ರಲ್ಲಿ 1 ಲಕ್ಷ ಟನ್ನಿಗೂ ಕಡಿಮೆಯಿದ್ದ ಫಸಲು 2000ದಲ್ಲಿ ಸುಮಾರು 8 ಲಕ್ಷ ಟನ್ನಿಗೆ ಏರಿತು.

ಬೆಲೆ ಕುಸಿದಾಗ

ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಪದ್ಧತಿ 1989ರಲ್ಲೇ ನಿಂತಿತ್ತು. ಬ್ರೆಜಿಲ್, ವಿಯೆಟ್ನಾಂಗಳ ಮಾಲು ಪೇಟೆಯನ್ನು ತುಂಬಿತು. 2001ರಲ್ಲಿ ಬೆಲೆ ದಶಕಗಳಲ್ಲೇ ಕಾಣದಷ್ಟು ಕೆಳಗಿಳಿಯಿತು. ಸಾಲ ಮಾಡಿ ತೋಟ ಎಬ್ಬಿಸಿದ ಅಲ್ಲಿನ ರೈತರಂತೆಯೇ ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರೂ ಪೆಟ್ಟು ತಿಂದರು. ಹಕ್ಕು ಇಳುವರಿಯನ್ನು ಹೆಚ್ಚಿಸಿತು, ಬೆಲೆಯನ್ನು ಕಾಯಲಿಲ್ಲ.

ನಮ್ಮ ಅನುಭವ

ನಮ್ಮಲ್ಲಿ ತೋಟ ನಮ್ಮದೇ ಆಗಿದ್ದರೂ ಕಾಫಿ ಮಾರುವ ಹಕ್ಕು ನಮ್ಮದಾಗಿರಲಿಲ್ಲ. ಮಾಲನ್ನು ಕಾಫಿ ಮಂಡಳಿಯ ಪೂಲಿಗೆ ಕೊಟ್ಟು, ಹಣಕ್ಕಾಗಿ ಕಂತು ಕಂತಾಗಿ ಕಾಯಬೇಕಿತ್ತು. 1992ರಿಂದ ಹಂತಹಂತವಾಗಿ ಸಡಿಲಗೊಂಡ ಈ ಕಟ್ಟು 1996ರಲ್ಲಿ ಪೂರ್ತಿ ಹೋಯಿತು. ಹಣ ಬೇಗ ಕೈಸೇರಿತು. ಜೊತೆಗೆ ಬೆಲೆಯ ಏರಿಳಿತವೂ ನೇರವಾಗಿ ಮನೆ ಬಾಗಿಲಿಗೆ ಬಂತು.

ಅಡಿಕೆಯ ದಾರಿ ಬೇರೆ. ಧಾರಣೆ ಕುಸಿದ ಸಂಕಟದ ಕಾಲದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ವಾರಣಾಶಿ ಸುಬ್ರಾಯ ಭಟ್ಟರು ಅದರ ಮುಂದಾಳು. ಅದು ವರ್ತಕರನ್ನು ಪೇಟೆಯಿಂದ ಓಡಿಸಲಿಲ್ಲ. ಅವರ ಪಕ್ಕದಲ್ಲಿ ಬೆಳೆಗಾರರದೇ ಆದ ಇನ್ನೊಬ್ಬ ಖರೀದಿದಾರನನ್ನು ನಿಲ್ಲಿಸಿತು.

ತಿಳಿಯಬೇಕಾದುದು

1. ತೋಟದ ಹಕ್ಕು ಇಳುವರಿಗೆ ಬೇಕು. ಮಾರುವ ಹಕ್ಕು ಬೆಲೆಗೆ ಬೇಕು.
2. ಖರೀದಿದಾರರು ಹಲವರಿರಬೇಕು, ಅವರಲ್ಲಿ ಒಬ್ಬನಾದರೂ ನಮ್ಮವನಾಗಿರಬೇಕು.
3. ಲೋಕದ ಪೇಟೆಯೇ ಕುಸಿದರೆ ಸಂಘವೊಂದೇ ಅದನ್ನು ಎತ್ತಲಾರದು. ಆದುದರಿಂದ ಒಂದೇ ಬೆಳೆಯನ್ನು ನಂಬಿ ಸಾಲ ಮಾಡಬಾರದು. ಕಾಫಿಯ ನೆರಳಿನಲ್ಲಿ ಮೆಣಸಿನ ಬಳ್ಳಿ ಇರಲಿ.
4. ಸಂಘವೂ ಪೈಪೋಟಿಗೆ ಹೊರತಲ್ಲ. ತೂಕ, ತೇವಾಂಶ, ದರ್ಜೆಗಳಲ್ಲಿ ಅದು ವರ್ತಕನಿಗಿಂತ ನೇರವಾಗಿರಬೇಕು.

ಧಾರಣೆ ಏರಿದಾಗ ಮಾಲನ್ನು ಹೊರಗೆ ಮಾರಿ, ಇಳಿದಾಗ ಮಾತ್ರ ಸಂಘದ ಬಾಗಿಲಿಗೆ ತಂದರೆ ಸಂಘ ಉಳಿಯದು. ಹಾಗೆಯೇ ಸದಸ್ಯರು ಲೆಕ್ಕ ಕೇಳದಿದ್ದರೆ ಸಂಘ ಸರಿದಾರಿಯಲ್ಲಿ ನಡೆಯದು. ಮುಂದಿನ ಸಭೆಗೆ ಬರುವಾಗ ಈ ಎರಡೂ ಮಾತುಗಳನ್ನು ಸದಸ್ಯ ಬಾಂಧವರು ಯೋಚಿಸಿ ಬರಬೇಕಾಗಿ ಕೋರುತ್ತೇವೆ.