ಮೊದಲು ಸಾಲು ನಿಲ್ಲಲಿ, ಆಮೇಲೆ ಅಚ್ಚು

ಊರಿನ ಹಳೆಯ ಪ್ರೆಸ್ ಬಾಗಿಲು ಹಾಕಿದಾಗ ಗುಜರಿಗೆ ಹೋಗಬೇಕಿದ್ದ ಟ್ರೆಡಲ್ ಯಂತ್ರವನ್ನು, ಜೊತೆಗೆ ಒಂದೆರಡು ಕೇಸು ಅಚ್ಚುಮೊಳೆಗಳನ್ನು ಕೊಂಡು ತರುವ ಹುಡುಗ ಹುಡುಗಿಯರು ಈಗ ಅಲ್ಲಲ್ಲಿ ಕಾಣಸಿಗುತ್ತಾರೆ. ಸಂತೋಷ. ಆದರೆ ಸ್ವಲ್ಪ ದಿನಕ್ಕೇ ಅವರ ದೂರು ಶುರುವಾಗುತ್ತದೆ: ಚೌಕಟ್ಟು ಎತ್ತಿದರೆ ಮೊಳೆಗಳು ಉದುರುತ್ತವೆ, ಪದಗಳ ನಡುವೆ ಕರಿ ಗುರುತು ಬೀಳುತ್ತದೆ, ಸಾಲುಗಳು ಹಾವಿನಂತೆ ಓಡುತ್ತವೆ. ಯಂತ್ರ ಹಳತಾಗಿದೆ, ಇಂಕು ಸರಿಯಿಲ್ಲ ಎಂದುಕೊಂಡು ಮೆಕ್ಯಾನಿಕ್ ಹುಡುಕುತ್ತಾರೆ. ಹುಡುಕಬೇಕಾದ ತಪ್ಪು ಬಹುತೇಕ ಕೈಯಲ್ಲಿರುವ, ಮೊಳೆ ಜೋಡಿಸುವ ಸ್ಟಿಕ್ಕಿನಲ್ಲೇ ಇರುತ್ತದೆ.

ಇತಿಹಾಸ ಇಲ್ಲಿ ಎರಡೇ ಮಾತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಆರಂಭವಾದದ್ದು 1841ರಲ್ಲಿ. 1843ರ ‘ಮಂಗಳೂರ ಸಮಾಚಾರ’ ಮೊಳೆ ಜೋಡಿಸಿ ಅಚ್ಚು ಹಾಕಿದ್ದೆಂದು ಹಲವರು ನಂಬಿದ್ದಾರೆ, ಆದರೆ ಅದು ಕಲ್ಲಚ್ಚು. ಮೊಳೆಯ ಕೆಲಸ ಹೇಗಿರಬೇಕು ಎಂದು ನೋಡಬೇಕಿದ್ದರೆ 1894ರ ಕಿಟೆಲ್ ನಿಘಂಟಿನ ಮೂಲ ಮುದ್ರಣವನ್ನು ಯಾವುದಾದರೂ ಗ್ರಂಥಾಲಯದಲ್ಲಿ ತೆರೆದು, ಕನ್ನಡ ಇಂಗ್ಲಿಷ್ ಒಂದೇ ಸಾಲಿನಲ್ಲಿ ಹೇಗೆ ಅಲುಗದೆ ಕೂತಿವೆ ಎಂದು ಭೂತಗನ್ನಡಿ ಹಿಡಿದು ನೋಡಿ.

ಕಲಿಯುವವರು ಮೊದಲು ಯಂತ್ರ ಕೊಳ್ಳಬೇಡಿ. ಒಂದು ಸ್ಟಿಕ್ಕು, ಒಂದೇ ಅಳತೆಯ ಒಂದು ಕೇಸು ಮೊಳೆ, ಅದಕ್ಕೆ ತಕ್ಕಂತೆ ಪದಗಳ ನಡುವಿನ ಸ್ಪೇಸು, ಖಾಲಿ ಜಾಗ ತುಂಬುವ ಕ್ವಾಡು, ಸಾಲುಗಳ ನಡುವಿನ ಲೆಡ್ಡು ಸಾಕು. ಸ್ಪೇಸು ಇಲ್ಲದ ಮೊಳೆ ಅಗ್ಗಕ್ಕೆ ಸಿಕ್ಕರೂ ಬೇಡ. ಮೊಳೆಯನ್ನು ಗಾಜಿನ ಮೇಲೆ ನಿಲ್ಲಿಸಿ, ಪಕ್ಕದ್ದರ ಜೊತೆ ಎತ್ತರವನ್ನು ಬೆರಳಿನಲ್ಲಿ ಸವರಿ ನೋಡಿ. ಇರಬೇಕಾದ ಎತ್ತರ ಸುಮಾರು 0.918 ಇಂಚು, ಸವೆದದ್ದು ಬೆರಳಿಗೆ ತಿಳಿಯುತ್ತದೆ. ಮೊಳೆಯಲ್ಲಿರುವುದು ಸೀಸ, ಆಂಟಿಮನಿ, ತವರ. ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅದು ಸೀಸದ ವಿಷ. ಬಾಯಿಂದ ಊದಿ ಧೂಳು ಹಾರಿಸುವ ಹಳೆಯ ಚಟವನ್ನು ಯಾರು ಹೇಳಿಕೊಟ್ಟರೂ ಕಲಿಯಬೇಡಿ. ಕೆಲಸದ ಮೇಜಿನ ಮೇಲೆ ಚಹಾ ಲೋಟ ಇಡಬೇಡಿ, ಮಕ್ಕಳನ್ನು ದೂರವಿಡಿ, ಕೆಲಸದಿಂದ ಎದ್ದೊಡನೆ ಸೋಪು ಹಾಕಿ ಕೈ ತೊಳೆಯಿರಿ.

ಕನ್ನಡದ ಕೇಸಿನಲ್ಲಿ ನೂರಾರು ಮನೆ. ಯಾವ ಮನೆಯಲ್ಲಿ ಯಾವ ಅಕ್ಷರ ಎಂಬುದು ಪ್ರೆಸ್ಸಿನಿಂದ ಪ್ರೆಸ್ಸಿಗೆ ಬದಲಾಗಬಹುದು. ಆದ್ದರಿಂದ ಮಾರಿದವರ ಬಳಿ ಕೂತು ನಕ್ಷೆ ಬರೆದುಕೊಂಡೇ ಕೇಸು ಎತ್ತಿ.

ಸ್ಟಿಕ್ಕು ಎಡಗೈಯಲ್ಲಿ, ಹೆಬ್ಬೆರಳು ಕೊನೆಯ ಮೊಳೆಯ ಮೇಲೆ. ಅಳತೆ ಕಟ್ಟಿ, ಮೊದಲು ಒಂದು ಲೆಡ್ಡು ಹಾಕಿ. ಮೊಳೆಯ ಮೈಮೇಲಿನ ಕಚ್ಚು ನಿಮ್ಮ ಅಂಗೈಗೆ ವಿರುದ್ಧವಾಗಿ, ತೆರೆದ ಬದಿಗೆ ಇರಬೇಕು. ಎಡದಿಂದ ಬಲಕ್ಕೇ ಜೋಡಿಸುತ್ತೀರಿ, ಅಕ್ಷರ ಮಾತ್ರ ತಲೆಕೆಳಗು. ಕನ್ನಡಿ ಇಟ್ಟುಕೊಂಡು ಓದುವವರಿದ್ದಾರೆ. ಆ ಊರುಗೋಲು ಬೇಡ, ಕಣ್ಣು ಬೇಗ ಒಗ್ಗುತ್ತದೆ. ದ-ಧ, ಪ-ಫ, ಡ-ಢ ಇವುಗಳ ವ್ಯತ್ಯಾಸವಿರುವುದು ಅಡಿಯಲ್ಲಿ. ಸ್ಟಿಕ್ಕಿನಲ್ಲಿ ಆ ಅಡಿ ಮೇಲೆ ಬಂದಿರುತ್ತದೆ. ದೃಷ್ಟಿ ಅಲ್ಲಿರಲಿ.

ಈಗ ಎಲ್ಲರೂ ಎಡವುವ ಜಾಗ. ಸಾಲು ಮುಗಿದಾಗ ಕೊನೆಯಲ್ಲಿ ಒಂದಿಷ್ಟು ಸಂದು ಉಳಿಯುತ್ತದೆ. ಕೂದಲೆಳೆಯಷ್ಟೇ ತಾನೇ, ಚೌಕಟ್ಟಿನಲ್ಲಿ ಬಿಗಿಯುವಾಗ ಸರಿಹೋಗುತ್ತದೆ ಎಂದು ಮುಂದಿನ ಸಾಲಿಗೆ ಹೋಗುತ್ತಾರೆ. ಸರಿಹೋಗುವುದಿಲ್ಲ. ಚೌಕಟ್ಟಿನಲ್ಲಿ ಪಕ್ಕದಿಂದ ಒತ್ತಡ ಹಾಕಿದಾಗ ಎಲ್ಲಕ್ಕಿಂತ ಉದ್ದದ ಸಾಲು ಅದನ್ನೆಲ್ಲ ತಾನೇ ತೆಗೆದುಕೊಳ್ಳುತ್ತದೆ. ಪಲ್ಲಕ್ಕಿ ಹೊರುವವರಲ್ಲಿ ಎತ್ತರದವನ ಹೆಗಲಿಗೇ ಭಾರ ಬಿದ್ದ ಹಾಗೆ. ಉಳಿದ ಸಾಲುಗಳು ಸಡಿಲವಾಗಿಯೇ ಇರುತ್ತವೆ. ಇಂಕಿನ ರೋಲರು ಆ ಸಡಿಲ ಸಾಲಿನ ಸ್ಪೇಸುಗಳನ್ನು ಎಳೆದೆಳೆದು ಮೇಲೆತ್ತುತ್ತದೆ. ಕಾಗದದ ಮೇಲೆ ಕಾಣುವ ಕರಿ ಗುರುತು ಅದೇ. ಇನ್ನೂ ಬಿಗಿದರೆ ಪುಟದ ನಡುಭಾಗ ಉಬ್ಬಿ ಏಳುತ್ತದೆ, ಎತ್ತಿದಾಗ ಇಡೀ ಪುಟ ನೆಲಕ್ಕೆ ಚೆಲ್ಲುತ್ತದೆ.

ಪರೀಕ್ಷೆ ಸುಲಭ. ಸಾಲು ತುಂಬಿದ ಮೇಲೆ ಹೆಬ್ಬೆರಳು ತೆಗೆದು ಸ್ಟಿಕ್ಕನ್ನು ಮೆಲ್ಲಗೆ ಮುಂದಕ್ಕೆ ಬಾಗಿಸಿ. ಸಾಲು ಬೀಳದೆ ತಾನೇ ನಿಲ್ಲಬೇಕು. ಹಾಗೆಂದು ಬೆರಳಿಂದ ತಳ್ಳಿದರೆ ಜಾರಲೂ ಬೇಕು. ತುರುಕಿದ ಸಾಲು ಸಡಿಲ ಸಾಲಿನಷ್ಟೇ ಕೆಟ್ಟದ್ದು, ಏಕೆಂದರೆ ಒತ್ತಡವನ್ನೆಲ್ಲ ತೆಗೆದುಕೊಳ್ಳುವ ಆ ಉದ್ದದ ಸಾಲು ಅದೇ ಆಗಿಬಿಡುತ್ತದೆ. ಸಂದು ತುಂಬಲು ಪದಗಳ ನಡುವಿನ ಸ್ಪೇಸುಗಳನ್ನು ಬದಲಿಸಿ: ಎಂ-ನ (ಮೊಳೆಯ ಅಳತೆಯಷ್ಟೇ ಅಗಲದ) ಮೂರರಲ್ಲೊಂದು ಭಾಗದ್ದನ್ನು ತೆಗೆದು ಎರಡರಲ್ಲೊಂದರದ್ದು, ಅಥವಾ ನಾಲ್ಕರಲ್ಲೊಂದರದ್ದು ಎರಡು. ಕೊನೆಯ ಎಳೆಯಷ್ಟಕ್ಕೆ ಹಿತ್ತಾಳೆಯ ತೆಳು ಹಾಳೆ ಇಲ್ಲವೇ ಕಾಗದದ ಚೂರು ಸಾಕು. ಎಲ್ಲವನ್ನೂ ಸಾಲಿನ ತುದಿಗೇ ಸುರಿಯಬೇಡಿ, ಉದ್ದಕ್ಕೂ ಹಂಚಿ. ಕನ್ನಡದಲ್ಲಿ ಇನ್ನೊಂದು ತೊಡಕುಂಟು. ನಮ್ಮ ಸಮಾಸಪದಗಳು ಉದ್ದ, ಹೀಗಾಗಿ ಸಾಲಿನಲ್ಲಿ ಸ್ಪೇಸುಗಳೇ ಕಡಿಮೆ. ಎರಡೇ ಸ್ಪೇಸಿರುವ ಸಾಲನ್ನು ಹಿಗ್ಗಿಸಿದರೆ ಹಲ್ಲು ಬಿದ್ದ ಬಾಯಿ. ಅಂಥಲ್ಲಿ ಪದ ಒಡೆಯುವುದೇ ಮೇಲು, ಆದರೆ ಒತ್ತು ಬೇರೆ ಮೊಳೆಯಾಗಿದ್ದರೆ ಅದನ್ನು ತನ್ನ ಅಕ್ಷರದಿಂದ ಬಿಡಿಸಿ ಮುಂದಿನ ಸಾಲಿಗೆ ದಾಟಿಸಬೇಡಿ. ದೀರ್ಘಕ್ಕೂ ಇದೇ ನಿಯಮ. ಇಡೀ ತಿಂಗಳು ಇದೊಂದನ್ನೇ ಅಭ್ಯಾಸ ಮಾಡಿದರೂ ನಷ್ಟವಿಲ್ಲ.

ಪುಟ ಗ್ಯಾಲಿ ತಟ್ಟೆಗೆ ಬಂದ ಮೇಲೆ ದಾರವನ್ನು ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ. ಗಂಟು ಹಾಕದೆ ತುದಿಯನ್ನು ಸುತ್ತಿನೊಳಗೆ ಸಿಕ್ಕಿಸಿ. ಪ್ರೂಫ್ ತೆಗೆದು ತಿದ್ದಿ. ಸಮತಟ್ಟಾದ ಕಲ್ಲಿನ ಮೇಲೆ ಚೌಕಟ್ಟನ್ನು, ಅಂದರೆ ಚೇಸನ್ನು ಇಟ್ಟು, ಮರದ ಪಟ್ಟಿಗಳನ್ನು ಕೂಡಿಸಿ, ದಾರ ಬಿಚ್ಚಿ, ಬೆಣೆಗಳನ್ನು ಸ್ವಲ್ಪ ಸ್ವಲ್ಪವಾಗಿ ಸರದಿಯ ಮೇಲೆ ಬಿಗಿಯಿರಿ. ನಡುನಡುವೆ ಪುಟದ ಮೇಲೆ ಮರದ ದಿಮ್ಮಿಯಿಟ್ಟು ಮೆಲ್ಲಗೆ ತಟ್ಟಿ ಮೊಳೆಗಳನ್ನು ಕೂರಿಸಿ. ಚೇಸಿನ ಒಂದು ಮೂಲೆಯ ಕೆಳಗೆ ಮರದ ಚೂರು ಇಟ್ಟು, ಬೆರಳಿಂದ ಅಲ್ಲಲ್ಲಿ ಒತ್ತಿ ನೋಡಿ. ಒಂದು ಮೊಳೆ ಅಲುಗಿದರೂ ಎತ್ತಬಾರದು. ಆ ಸಾಲನ್ನು ಮತ್ತೆ ಸ್ಟಿಕ್ಕಿಗೆ ತನ್ನಿ.

ಅಚ್ಚಿನ ವಿಷಯ ಚುಟುಕಾಗಿ: ಇಂಕು ತೆಳ್ಳಗಿರಲಿ, ಮಸುಕಾದ ಕಡೆ ಕಾಗದದ ಹಿಂದಿನ ಪದರದಲ್ಲಿ ತೆಳು ಹಾಳೆ ಅಂಟಿಸಿ. ಆಹ್ವಾನಪತ್ರಿಕೆಯಲ್ಲಿ ಅಕ್ಷರ ಗುಳಿ ಬೀಳುವಷ್ಟು ಒತ್ತಬೇಕೆಂಬ ಈಗಿನ ಫ್ಯಾಷನ್ ನನಗೆ ಒಪ್ಪಿಗೆಯಿಲ್ಲ. ಅದರಿಂದ ಕನ್ನಡದ ಒತ್ತಿನ ಸಣ್ಣ ಬಳ್ಳಿಗಳು ಮೊದಲು ಸಾಯುತ್ತವೆ, ಹೊಸ ಮೊಳೆ ಎರಕ ಹೊಯ್ದು ಕೊಡುವವರು ಸಿಗುವುದು ಕಷ್ಟ. ಗುಳಿಯೇ ಬೇಕಿದ್ದರೆ ಪಾಲಿಮರ್ ಪ್ಲೇಟು ಮಾಡಿಸಿ. ಟ್ರೆಡಲ್ ಮುಚ್ಚಿಕೊಳ್ಳುವಾಗ ಕಾಗದ ಓರೆಯಾದರೆ ಕೈ ಹಾಕಬೇಡಿ, ಒಂದು ಹಾಳೆ ಹಾಳಾಗಲಿ.

ಮುಗಿದೊಡನೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಮೊಳೆಗಳನ್ನು ಅಂದೇ ತಂತಮ್ಮ ಮನೆಗೆ ಹಾಕಿ. ಸವೆದದ್ದು, ಮುರಿದದ್ದು ಬೇರೆ ಡಬ್ಬಿಗೆ.